ಮಗುಚಿದ ಬ್ರೆಡ್ಡು

ಪಂಕಜಾಕ್ಷಿಯ ಗಂಡ ಸತ್ತ ಗಳಿಗೆಯಲ್ಲಿ ನಾನು ಅವಳ ಮನೆ ಮುಂದಿನ ಕಂಬದ ಮೇಲಿದ್ದೆ. ಅವನು ಎಲ್ಲಿ ಸತ್ತ, ಹೇಗೆ ಸತ್ತ, ಕೊನೆಗೆ ಬಾಯಿಗೆ ನೀರು ಬಿಟ್ಟವರು ಯಾರು, ಯಾವುದೂ ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಆಷಾಢದ ಎರಡನೆಯ ಶುಕ್ರವಾರ, ಬೆಳಿಗ್ಗೆ ಒಂಬತ್ತೂಮುಕ್ಕಾಲರ ಹೊತ್ತಿಗೆ, ಅವನ ಹೆಸರಿನ ತಂತಿ ನನ್ನ ಅಂಗೈಯಲ್ಲಿ ತಣ್ಣಗಾಯಿತು.

ನಮ್ಮ ಊರಿನಲ್ಲಿ ಮಗುವಿಗೆ ಹೆಸರಿಟ್ಟ ಮಾರನೆಯ ದಿನ ಲೈನ್‌ಮನ್ ಬಂದು ಕಂಬದಿಂದ ಮನೆಗೆ ಆ ಹೆಸರಿನಲ್ಲಿ ಒಂದು ತಂತಿ ಎಳೆಯುತ್ತಾನೆ. ಒಂದು ಜೀವಕ್ಕೆ ಒಂದು ತಂತಿ. ಅದರಲ್ಲಿ ಬರುವ ಕರೆಂಟು ಒಂದು ದೀಪಕ್ಕೆ, ಒಂದು ಫ್ಯಾನಿಗೆ, ಮನೆಯವರೆಲ್ಲರದೂ ಸೇರಿದರೆ ಒಂದು ದೊಡ್ಡ ಮೆಷೀನಿಗೂ ಸಾಕು. ಮದುವೆಯಾಗಿ ಬೇರೆ ಮನೆಗೆ ಹೋದರೆ ತಂತಿಯೂ ಜೊತೆಗೆ ಹೋಗುತ್ತದೆ. ಊರನ್ನೇ ಬಿಟ್ಟು ಎಷ್ಟು ದೂರ ಹೋದರೂ ತಂತಿ ಮಾತ್ರ ಮನೆಯಲ್ಲೇ ಉಳಿದು ಬೆಚ್ಚಗಿರುತ್ತದೆ. ಜ್ವರ ಬಂದವರ ದೀಪ ಮಂಕಾಗುತ್ತದೆ. ನಮ್ಮ ಡಾಕ್ಟರು ನಾಡಿ ಹಿಡಿಯುವ ಮೊದಲು ತಲೆ ಎತ್ತಿ ಬಲ್ಬು ನೋಡುತ್ತಾರೆ. ಸತ್ತವರ ತಂತಿ ತಣ್ಣಗಾಗುತ್ತದೆ. ಆಗ ಲೈನ್‌ಮನ್ ಆದವನು ಆ ಮನೆಗೆ ಹೋಗಿ, ಚಪ್ಪಲಿ ಬಿಟ್ಟು, ತನ್ನ ಇಕ್ಕಳವನ್ನು ಹೊಸ್ತಿಲ ಮೇಲೆ ಇಟ್ಟು ಬರಬೇಕು. ಬಾಯಿ ಬಿಟ್ಟು ಏನೂ ಹೇಳಬೇಕಾಗಿಲ್ಲ. ಮನೆಯವರು ಅತ್ತು, ಮಾಡುವುದನ್ನೆಲ್ಲ ಮಾಡಿ, ಮನಸ್ಸು ಒಪ್ಪಿದ ದಿನ ಇಕ್ಕಳವನ್ನು ತಂದು ಅವನ ಕೈಗೆ ಕೊಡುತ್ತಾರೆ. ಅವನು ತಂತಿ ಕತ್ತರಿಸಿ, ಸುರುಳಿ ಸುತ್ತಿ ಒಪ್ಪಿಸುತ್ತಾನೆ. ಆ ಸುರುಳಿ ಒಳಕೋಣೆಯ ಮೊಳೆಗೆ ಹೋಗುತ್ತದೆ. ಇಕ್ಕಳ ಹೊಸ್ತಿಲ ಮೇಲಿರುವಷ್ಟು ದಿನ ಊರಿನಲ್ಲಿ ಬೇರೆ ಯಾವ ಲೈನಿನ ಕೆಲಸವೂ ನಡೆಯುವುದಿಲ್ಲ. ಫ್ಯೂಸು ಹೋದವರು ಕತ್ತಲಲ್ಲಿ ಕೂತು ಕಾಯುತ್ತಾರೆ. ಬೇಗ ಕೊಡಿ ಎಂದು ಆ ಮನೆಯವರನ್ನು ಯಾರೂ ಕೇಳುವುದಿಲ್ಲ.

ಇಪ್ಪತ್ತಾರು ವರ್ಷದಿಂದ ಆ ಲೈನ್‌ಮನ್ ನಾನು. ಹೆಸರು ಬೋರಲಿಂಗಯ್ಯ, ಊರಿನವರ ಬಾಯಲ್ಲಿ ಲಿಂಗಣ್ಣ. ಎಷ್ಟು ಹೊಸ್ತಿಲ ಮೇಲೆ ಇಕ್ಕಳ ಇಟ್ಟಿದ್ದೇನೆಂದು ಲೆಕ್ಕವಿಟ್ಟಿಲ್ಲ. ನನ್ನ ಹೆಂಡತಿ ಸರ್ವಮಂಗಳೆ ಹೋದಾಗ ನನ್ನ ಹೊಸ್ತಿಲ ಮೇಲೆ ನಾನೇ ಇಟ್ಟು, ನಾನೇ ದಾಟಿ ಒಳಗೆ ಹೋಗಿ, ಒಂಬತ್ತನೆಯ ದಿನ ನಾನೇ ಎತ್ತಿಕೊಂಡೆ. ಅದಾದ ಮೇಲೆ ಆ ಕೆಲಸಕ್ಕೆ ನನ್ನ ಕೈ ಮೊದಲಿನಷ್ಟು ಗಟ್ಟಿಯಾಗಿ ಉಳಿಯಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಪಂಕಜಾಕ್ಷಿಯ ಮನೆಗೆ ಮೂರು ತಂತಿ. ಅವಳದು, ಅವಳ ಅತ್ತೆ ಅಚ್ಚಮ್ಮನದು, ಗಂಡ ವರದನದು. ಮಕ್ಕಳಿರಲಿಲ್ಲ. ಎಲ್ಲೋ ಮುಚ್ಚಿಹೋದ ಬೇಕರಿಯೊಂದರಿಂದ ವರದ ಆ ದೊಡ್ಡ ಓವನ್ ತಂದಾಗ ಅಡಿಗೆಮನೆಯ ಗೋಡೆ ಒಡೆದು ಅದನ್ನು ಒಳಗೆ ಸೇರಿಸಬೇಕಾಯಿತು. ಒಂದು ಸಲಕ್ಕೆ ನಲವತ್ತು ಬ್ರೆಡ್ಡು ಹಿಡಿಯುವ ಅದು ಮನೆ ಮಂದಿಯ ಅಡಿಗೆಗೆ ಹುಟ್ಟಿದ ಸಾಮಾನಲ್ಲ. ಮೂರು ಫೇಸ್ ಕರೆಂಟು ಬೇಕು ಎಂದು ಅದರ ಬೆನ್ನ ಮೇಲೇ ಬರೆದಿತ್ತು. ನಮ್ಮೂರಿನಲ್ಲಿ ಮೂರು ಫೇಸ್ ಎಂದರೆ ಮೂರು ಜೀವ. ಒಳಗೆ ಕಾದು ಕೆಂಪಾಗುವ ಮೂರು ಕಾಯಿಲುಗಳಿಗೆ ನಾನೇ ಕೂತು ಜೋಡಿಸಿಕೊಟ್ಟೆ: ಮೇಲಿನ ಕಾಯಿಲಿಗೆ ಪಂಕಜಾಕ್ಷಿ, ಪಕ್ಕದ ಕಾಯಿಲಿಗೆ ಅಚ್ಚಮ್ಮ, ತಳದ ಕಾಯಿಲಿಗೆ ವರದ. ಓವನ್ ಹಚ್ಚಿದರೆ ಮನೆಯಲ್ಲಿ ಒಂದು ದೀಪಕ್ಕೂ ಕರೆಂಟು ಉಳಿಯುತ್ತಿರಲಿಲ್ಲ. ಹಿಟ್ಟು ಕಲೆಸುವ ಮೆಷೀನು ಮೊದಲು, ಅದು ನಿಂತ ಮೇಲೆ ಓವನ್. ಮರೆತು ಎರಡನ್ನೂ ಒಟ್ಟಿಗೆ ಹಾಕಿದ ದಿನ ಫ್ಯೂಸು ಹೋಗಿ, ಜೊತೆಗೆ ಮೂವರಿಗೂ ತಲೆಸುತ್ತು ಬಂದು ಕೂತಲ್ಲೇ ಒರಗಿಕೊಂಡಿದ್ದರಂತೆ. ಹಾಗೂ ಹೀಗೂ ಕಲಿತರು. ಊರು ಅವರ ಕಿಟಕಿಯ ಮುಂದೆ ಬ್ರೆಡ್ಡಿಗೆ ಸಾಲು ನಿಲ್ಲುವುದನ್ನು ಕಲಿಯಿತು.

ಎರಡನೆಯ ವರ್ಷ ವರದ, ಹೊಸ ಕಾಯಿಲು ನೋಡಿಕೊಂಡು ಬರುತ್ತೇನೆಂದು ಒಂದು ಚೀಲ ಹಿಡಿದು ಬಸ್ಸು ಹತ್ತಿದ. ಬರಲಿಲ್ಲ. ಕಾಗದವಿಲ್ಲ, ಸುದ್ದಿಯಿಲ್ಲ, ನಾಲ್ಕು ವರ್ಷ. ಆದರೆ ತಂತಿ ಬೆಚ್ಚಗಿತ್ತು. ಪಂಕಜಾಕ್ಷಿ ದಿನವೂ ಮೊದಲ ಬ್ರೆಡ್ಡನ್ನು ಅಚ್ಚಿನಿಂದ ತೆಗೆದು, ತಳಕ್ಕೆ ಬೆರಳಿನ ಗೆಣ್ಣಿನಿಂದ ತಟ್ಟುತ್ತಿದ್ದಳು. ಚೆನ್ನಾಗಿ ಬೆಂದಿದ್ದರೆ ಟೊಳ್ಳು ಸದ್ದು ಬರುತ್ತದೆ. ಆ ಸದ್ದು ಕೇಳಿ "ಇದಾರೆ" ಎನ್ನುತ್ತಿದ್ದಳು, ತನಗೆ ತಾನೇ. ಅಚ್ಚಮ್ಮ ಓವನ್ನಿನ ಪಕ್ಕ ಸ್ಟೂಲು ಹಾಕಿಕೊಂಡು ಅದರ ಕೆಳಮೈಗೆ ಅಂಗೈ ಇಟ್ಟು ಕೂರುತ್ತಿದ್ದಳು. ಬಿಸಿ ಏರುತ್ತಿದ್ದ ಹಾಗೆ "ಎದ್ದ ನೋಡು ನನ್ನ ಮಗ" ಎನ್ನುತ್ತಿದ್ದಳು. ಬ್ರೆಡ್ಡು ಕೊಳ್ಳಲು ಬಂದವರು ಇದನ್ನೆಲ್ಲ ಕೇಳಿ ಅಭ್ಯಾಸವಾಗಿ, "ಏನಜ್ಜಿ, ಮಗ ಎದ್ದನಾ?" ಎಂದು ವಿಚಾರಿಸುತ್ತಿದ್ದರು.

ಆ ಶುಕ್ರವಾರ ನಾನು ಕಂಬ ಹತ್ತಿದ್ದು ತಂತಿ ಕಟ್ಟುವ ಪಿಂಗಾಣಿ ಬಟ್ಟಲೊಂದು ಒಡೆದಿದ್ದನ್ನು ಬದಲಿಸಲು. ಹತ್ತುವ ಮುಂಚೆ ಪಂಕಜಾಕ್ಷಿ ಕಿಟಕಿಯಿಂದ ಕರೆದು ಬಿಸಿ ಬನ್ನು ಕೊಟ್ಟಳು. "ಲಿಂಗಣ್ಣ, ಎಳ್ಳು ಹಾಕಿದೀನಿ, ಹೆಂಗಿದೆ ಹೇಳಿ" ಎಂದಳು. ಮೇಲೆ ಹೋಗಿ ವರದನ ತಂತಿ ಹಿಡಿದುಕೊಂಡಿದ್ದೆ. ಕೆಳಗೆ ಒಳಗಿನಿಂದ ಅವಳು ಹಾಡಿಕೊಳ್ಳುವುದು ಕೇಳುತ್ತಿತ್ತು. ತಂತಿ ನನ್ನ ಕೈಯಲ್ಲಿ ಎರಡು ಸಲ ಅದುರಿತು. ಆಮೇಲೆ ಅದು ಬರೀ ಲೋಹವಾಗಿತ್ತು.

ಅದು ಊರಿನ ಕೊನೆಯ ಕಂಬ. ಅಲ್ಲಿಂದ ಹಿಂದಿನ ಹೊಲ ಹಾಯ್ದು ನನ್ನ ಒಂಟಿ ಮನೆಗೆ ನನ್ನ ತಂತಿ ಹೋಗುತ್ತಿತ್ತು, ಕೈಗೆಟಕುವ ದೂರದಲ್ಲೇ. ಒಬ್ಬರ ತಂತಿಯನ್ನು ಇನ್ನೊಬ್ಬರ ಮನೆಗೆ ಕೂಡಿಸಬಾರದು. ಲೈನ್‌ಮನ್ ಮೊದಲ ಸಲ ಇಕ್ಕಳ ಹಿಡಿಯುವ ದಿನ ಅವನಿಂದ ಮಾಡಿಸುವ ಆಣೆಯೇ ಅದು. ಓವನ್ನಿನಲ್ಲಿ ಬನ್ನು ಬೇಯುತ್ತಿತ್ತು, ಒಳಗೆ ಹಾಡಿತ್ತು. ಇದೊಂದು ಸುತ್ತು ಬೇಯಲಿ, ನಾಳೆ ಇಕ್ಕಳ ಇಡುತ್ತೇನೆ ಎಂದುಕೊಂಡು ನನ್ನ ತಂತಿಯನ್ನು ಕತ್ತರಿಸಿ ವರದನದರ ಬುಡಕ್ಕೆ ಹೊಸೆದುಬಿಟ್ಟೆ. ಮನೆಯ ಕಡೆ ಜೋತ ತುಂಡನ್ನು ಆ ಸಂಜೆ ಬಿಚ್ಚಿ ಒಳಗಿಟ್ಟೆ. ಮಾರನೆಯ ದಿನ ಶನಿವಾರ, ಬೇಡವೆನಿಸಿತು. ಆಮೇಲೆ ಅಮಾವಾಸ್ಯೆ. ಆಮೇಲೆ ಶ್ರಾವಣ ಬಂತು. ಹನ್ನೊಂದು ತಿಂಗಳು ಹೀಗೇ ಹೋಯಿತು.

ನನ್ನ ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿ ಬಂತು. ಹೊಲದಾಚೆಯ ಆ ಒಂಟಿ ಮನೆಗೆ ಬರುವವರು ಯಾರೂ ಇರಲಿಲ್ಲವಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ದಿನವೂ ನಸುಕಿನಲ್ಲಿ ಪಂಕಜಾಕ್ಷಿ ಓವನ್ ಹಚ್ಚುವ ಹೊತ್ತಿಗೆ ನನ್ನ ಎದೆಯೊಳಗೆ ಏನೋ ಎಳೆದಂತಾಗಿ ಎಚ್ಚರವಾಗುತ್ತಿತ್ತು. ಬೆಳಿಗ್ಗೆ ಕಿಟಕಿಗೆ ಹೋಗಿ ನಿಂತರೆ, ಅಚ್ಚಮ್ಮ ಓವನ್ನಿನ ಮೈ ಸವರುತ್ತ "ಎದ್ದ ನನ್ನ ಮಗ" ಎನ್ನುತ್ತಿದ್ದಳು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಸಂತೋಷವಾಗುತ್ತಿತ್ತು. ಸುಳ್ಳು ಹೇಳುತ್ತಿದ್ದೇನೆ ಎಂಬ ಭಯ ಮೊದಲ ತಿಂಗಳು ಇತ್ತು. ಆಮೇಲೆ ಅದು ಹೋಗಿ, ನಾನೊಬ್ಬ ದೊಡ್ಡ ಉಪಕಾರಿ ಎಂಬ ಸೊಕ್ಕು ಬಂತು. ಪಂಕಜಾಕ್ಷಿಯ ಮೇಲೆ ಮನಸ್ಸಿತ್ತೇ ಎಂದು ಕೇಳುವವರು ಕೇಳಿದ್ದಾರೆ. ಇದ್ದಿರಬಹುದು. ನನ್ನಿಂದ ಒಂದು ಮನೆ ಬೆಚ್ಚಗಿದೆ ಎನ್ನುವುದರ ಮೇಲೆ ಮನಸ್ಸಿದ್ದದ್ದಂತೂ ನಿಜ.

ಜ್ಯೇಷ್ಠದ ಮೊದಲ ಮಳೆಯಲ್ಲಿ ನೆನೆದು ಜ್ವರ ಬಂತು. ಮೂರು ದಿನ ಕಂಬಳಿ ಹೊದ್ದು ಬಿದ್ದಿದ್ದೆ. ನಾಲ್ಕನೆಯ ಬೆಳಿಗ್ಗೆ ಜ್ವರ ಬಿಟ್ಟು, ಜಗಲಿಯ ಮೇಲೆ ಬಿಸಿಲಿಗೆ ಕೂತಿದ್ದಾಗ ಹೊಲದ ದಾರಿಯಲ್ಲಿ ಪಂಕಜಾಕ್ಷಿ ಬಂದಳು. ಕೈಯಲ್ಲಿ ಬಟ್ಟೆ ಸುತ್ತಿದ ಬ್ರೆಡ್ಡು, ಒಂದು ತಂಬಿಗೆ ಹಾಲು. ಮುಖ ಬಾಡಿತ್ತು, ಆದರೆ ನಗುತ್ತಿದ್ದಳು.

"ಲಿಂಗಣ್ಣ, ಇವತ್ತು ಓವನ್ನಿನ ಬಿಸಿ ತೋರಿಸೋ ಮುಳ್ಳು ಮೇಲಕ್ಕೆ ಹೋಯ್ತು! ಮೂರು ದಿವಸ ತಳ ಕಾಯಲೇ ಇಲ್ಲ ಕಣ್ರೀ. ನೂರೈವತ್ತು ದಾಟಲಿಲ್ಲ, ಏರೋದು, ಇಳಿಯೋದು. ಬ್ರೆಡ್ಡೆಲ್ಲ ಹಸಿಹಸಿ. ಅವರಿಗೆ ಎಲ್ಲೋ ಜ್ವರ ಬಂದಿದೆ ಅಂತ ಗೊತ್ತಾಗಿಹೋಯ್ತು. ಅತ್ತೆಯಂತೂ ಓವನ್ ಬಿಟ್ಟು ಏಳಲಿಲ್ಲ. ಒದ್ದೆ ಬಟ್ಟೆ ಹಿಂಡಿ ಹಿಂಡಿ ಅದರ ಮೈಮೇಲೆ ಹಾಕ್ತಾ ಕೂತಿದ್ರು. ನಿಮ್ಮನ್ನ ಕರೆಯೋಣ ಅಂದ್ರೆ ನೀವೂ ಕಾಣಲಿಲ್ಲ. ಇವತ್ತು ಬೆಳಿಗ್ಗೆ ನೋಡಿ, ಮೊದಲಿನ ಹಾಗೇ! ಅದಕ್ಕೇ ಹೇಳಿಹೋಗೋಣ ಅಂತ ಬಂದೆ. ಏನು, ನೀವೂ ಸೊರಗಿದೀರಲ್ಲ?"

"ಜ್ವರ ಬಂದಿತ್ತು ಪಂಕಜಮ್ಮ. ಈಗ ಬಿಟ್ಟಿದೆ."

"ಅಯ್ಯೋ, ಒಬ್ಬರೇ ಬಿದ್ದಿದ್ರಾ? ಎಷ್ಟು ದಿವಸ ಆಯ್ತು?"

"ಮೂರು ದಿವಸ" ಎಂದೆ. ಬಾಯಿಂದ ಹೊರಬಿದ್ದ ಮೇಲೆ ಆ ಮಾತನ್ನು ನುಂಗಲಾಗಲಿಲ್ಲ.

ಅವಳು ಹಾಲು ಇಡಲು ಒಳಗೆ ಹೋದಳು. ಒಳಗಿನ ಕತ್ತಲಲ್ಲಿ ಸ್ವಿಚ್ಚು ಹಾಕಿದ ಸದ್ದು ಕೇಳಿತು, ಆರಿಸಿದ ಸದ್ದು, ಮತ್ತೆ ಹಾಕಿದ ಸದ್ದು. ಹೊರಗೆ ಬಂದು ಸೂರಿನ ಕೆಳಗಿನ ಪಿಂಗಾಣಿ ಬಟ್ಟಲು ನೋಡಿದಳು. ಅದಕ್ಕೆ ತಂತಿಯೇ ಇರಲಿಲ್ಲ. ಅವಳ ಕಣ್ಣು ಅಲ್ಲಿಂದ ಹೊಲದ ಮೇಲೆ ನಿಧಾನವಾಗಿ ಹಾಯ್ದು ತನ್ನ ಮನೆ ಮುಂದಿನ ಕಂಬಕ್ಕೆ ಹೋಗಿ ನಿಂತಿತು.

"ಯಾವಾಗಿಂದ?" ಎಂದಳು.

"ಆಷಾಢದಿಂದ."

ಬ್ರೆಡ್ಡಿನ ಗಂಟನ್ನು ಜಗಲಿಯ ಮೇಲಿಂದ ಎತ್ತಿಕೊಂಡಳು. "ಇಕ್ಕಳ ತಗೊಂಡು ಬನ್ನಿ. ಎಲ್ಲರ ಮನೇಲಿ ಹೆಂಗೆ ಇಡ್ತೀರೋ ಹಂಗೇ ನಮ್ಮನೇಲೂ ಇಡಿ" ಎಂದು ಹೇಳಿ, ನನಗಾಗಿ ಕಾಯದೆ ನಡೆದಳು.

ಇಕ್ಕಳವನ್ನು ಸೊಂಟದ ಪಟ್ಟಿಯಲ್ಲಿ ಸಿಕ್ಕಿಸಿಕೊಳ್ಳದೆ ಕೈಯಲ್ಲಿ ಹಿಡಿದು ನಡೆದರೆ ಅದೇ ಸುದ್ದಿ. ಬೀದಿಯಲ್ಲಿ ಜನ ಎದ್ದು ನಿಂತರು. ಕಿಟಕಿಯ ಮುಂದೆ ಬ್ರೆಡ್ಡಿಗೆ ನಿಂತಿದ್ದವರು ಸಾಲು ಬಿಟ್ಟು ಪಕ್ಕಕ್ಕೆ ಸರಿದರು. ನಾನು ಚಪ್ಪಲಿ ಬಿಟ್ಟು, ಬಗ್ಗಿ, ಹನ್ನೊಂದು ತಿಂಗಳ ಹಿಂದೆ ಇಡಬೇಕಾಗಿದ್ದ ಇಕ್ಕಳವನ್ನು ಹೊಸ್ತಿಲ ಮೇಲೆ ಇಟ್ಟೆ. ಹೊಸ್ತಿಲಿನಿಂದ ಅಡಿಗೆಮನೆ ನೇರ ಕಾಣುತ್ತದೆ. ಅಚ್ಚಮ್ಮ ಸ್ಟೂಲಿನ ಮೇಲೆ ಕೂತಿದ್ದವಳು ಇಕ್ಕಳ ನೋಡಿದಳು, ನನ್ನನ್ನು ನೋಡಿದಳು.

"ಇದೇನೋ ಲಿಂಗ? ಯಾರಿಗೆ?" ಎಂದಳು. ಅಂಗೈ ಓವನ್ನಿನ ಮೇಲೇ ಇತ್ತು. "ಬಿಸಿಯಾಗೇ ಇದಾನಲ್ಲೋ ನನ್ನ ಮಗ. ರಾತ್ರಿ ಜ್ವರ ಬಿಡ್ತು ಅವನಿಗೆ."

"ಅದು ಲಿಂಗಣ್ಣ, ಅತ್ತೆ" ಎಂದಳು ಪಂಕಜಾಕ್ಷಿ. "ಅವರಲ್ಲ. ಅವರು ಕಳೆದ ಆಷಾಢದಲ್ಲೇ ಹೋದ್ರು. ಇದು ಲಿಂಗಣ್ಣನ ತಂತಿ."

ಮುದುಕಿ ಎದ್ದು ಬರಲಿಲ್ಲ. ಬಾ ಎಂದು ಕೈ ಮಾಡಿದಳು. ನಾನು ದಾಟಿ ಹೋಗಿ ಅವಳ ಮುಂದೆ ಕೂತೆ. ಒಂದು ಕೈಯನ್ನು ಓವನ್ನಿನ ಮೇಲಿಟ್ಟುಕೊಂಡೇ ಇನ್ನೊಂದು ಕೈಯಿಂದ ನನ್ನ ಅಂಗೈ ಹಿಡಿದಳು. ಕಣ್ಣು ಮುಚ್ಚಿ ಎರಡು ಬಿಸಿಯನ್ನೂ ತೂಗಿ ನೋಡಿದಳು.

"ಹೌದು. ಒಂದೇ ಬಿಸಿ" ಎಂದಳು.

ಆಮೇಲೆ ಎರಡು ಕೈಗಳನ್ನೂ ಹಿಂದಕ್ಕೆ ತೆಗೆದುಕೊಂಡು, ಸೆರಗಿನಲ್ಲಿ ಅಂಗೈ ಒರೆಸಿಕೊಂಡಳು. ಒಂದೊಂದೇ ಬೆರಳನ್ನು ಒರೆಸಿಕೊಂಡಳು. ಅವಳು ನನ್ನ ಕೆನ್ನೆಗೆ ಹೊಡೆದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಪಂಕಜಾಕ್ಷಿ ಓವನ್ ಆರಿಸಿದಳು. ಪಕ್ಕದ ಮೇಜಿನ ಮೇಲೆ ಅಚ್ಚುಗಳಲ್ಲಿ ಹಿಟ್ಟು ಉಬ್ಬಿ, ಒಳಗೆ ಹೋಗಲು ಸಿದ್ಧವಾಗಿ ನಿಂತಿತ್ತು. ಅದರ ಕಡೆ ನೋಡುತ್ತ, ಗಟ್ಟಿಯಾದ ದನಿಯಲ್ಲೇ ಹೇಳಿದಳು. "ನೀವು ಒಳ್ಳೇದು ಮಾಡ್ತಿದೀನಿ ಅಂದ್ಕೊಂಡಿದ್ರಿ. ಇರಲಿ. ನಾನು ದಿನಾ ಬ್ರೆಡ್ಡು ತಟ್ಟಿ ಇದಾರೆ, ಇದಾರೆ ಅಂತಿದ್ದೆ, ನೀವು ಕಿಟಕೀಲಿ ನಿಂತು ಕೇಳಿಸ್ಕೊತಿದ್ರಿ. ಅವರು ಹೋದ ದಿನ ನಾನು ಅಳಬೇಕಿತ್ತು ಲಿಂಗಣ್ಣ. ಅದು ನಂದು. ಅದನ್ನ ನೀವು ನಿಮ್ಮ ಹತ್ರ ಇಟ್ಕೊಂಡ್ರಿ."

ನಾನು ಹೊರಗೆ ಬಂದೆ. ಮಧ್ಯಾಹ್ನದ ಹೊತ್ತಿಗೆ ಆ ಹಿಟ್ಟು ಹುಳಿ ವಾಸನೆ ಬಿಟ್ಟು ಅಚ್ಚುಗಳ ಹೊರಗೆ ಕುಸಿಯಿತೆಂದು ಪಕ್ಕದ ಮನೆಯವರು ಹೇಳಿದರು.

ಹನ್ನೆರಡು ದಿನ ಇಕ್ಕಳ ಆ ಹೊಸ್ತಿಲ ಮೇಲೆ ಇತ್ತು. ಊರು ಬ್ರೆಡ್ಡಿಲ್ಲದೆ ಬೆಳಿಗ್ಗೆ ಉಪ್ಪಿಟ್ಟು ತಿಂದಿತು. ಗಾಣಿಗರ ಬೀದಿಯಲ್ಲಿ ಹುಟ್ಟಿದ ಒಂದು ಕೂಸಿಗೆ ಹೆಸರಿಟ್ಟರೂ ತಂತಿ ಎಳೆಯಲಾಗಲಿಲ್ಲ. ಲೈನ್‌ಮನ್ ಏನು ಮಾಡಿದನೆಂದು ಊರಿಗೆಲ್ಲ ಗೊತ್ತಾಗಿತ್ತು. ಬಯ್ಯುವವರು ಬೈದರು, ಒಳ್ಳೆಯದನ್ನೇ ಮಾಡಿದೆ ಎನ್ನುವವರೂ ಇದ್ದರು. ಬೈದವರ ಮುಖ ನೋಡುವುದೇ ನನಗೆ ಹಗುರವಾಗಿತ್ತು. ದಿನವೂ ಹೋಗಿ ಆ ಕಂಬದ ಬುಡದ ಕಟ್ಟೆಯ ಮೇಲೆ ಕೂರುತ್ತಿದ್ದೆ. ಬೇರೆ ಕೆಲಸವಿರಲಿಲ್ಲ.

ಹದಿಮೂರನೆಯ ಬೆಳಿಗ್ಗೆ ಪಂಕಜಾಕ್ಷಿ ಹೊರಗೆ ಬಂದಳು. ಕೈಯಲ್ಲಿ ಇಕ್ಕಳವಿತ್ತು, ಆದರೆ ಕೊಡಲಿಲ್ಲ.

"ಯಾವ ದಿನ ಅಂತ ಹೇಳಿ. ವರ್ಷ ತುಂಬ್ತಾ ಬಂತು, ತಿಥಿ ಮಾಡ್ಬೇಕು. ನಮಗೆ ದಿನಾನೇ ಗೊತ್ತಿಲ್ಲ."

"ಆಷಾಢದ ಎರಡನೇ ಶುಕ್ರವಾರ."

"ಯಾವ ಹೊತ್ತು?"

"ಒಂಬತ್ತೂಮುಕ್ಕಾಲು. ಎರಡನೇ ಸುತ್ತಿನ ಬನ್ನು ಒಳಗಿತ್ತು. ಅದಕ್ಕೆ ಮುಂಚೆ ನೀವು ನಂಗೊಂದು ಕೊಟ್ರಿ, ಎಳ್ಳು ಹಾಕಿದ್ದು."

ಅವಳು ನೆನಪು ಮಾಡಿಕೊಳ್ಳುತ್ತ ನಿಂತಳು. ನೆನಪಾದದ್ದು ನನಗೆ ಕಂಡಿತು.

"ಎಳ್ಳು ಹಾಕಿದ್ದು ಅವತ್ತೇ ಮೊದಲು" ಎಂದಳು. "ಚೆನ್ನಾಗಿ ಬಂತು ಅಂತ ನಾನು ಹಾಡ್ಕೊತಾ ಇದ್ದೆ. ಅವತ್ತೇನಾ?"

"ಹೌದು. ಕೇಳಿಸ್ತು."

"ಅವರು ಅಲ್ಲಿ ಹೋಗ್ತಾ ಇದ್ರು. ನಾನು ಇಲ್ಲಿ ಹಾಡ್ಕೊತಾ ಇದ್ದೆ."

ಅಷ್ಟು ಹೇಳಿ ಅಲ್ಲೇ ಕಟ್ಟೆಯ ತುದಿಗೆ ಕೂತು ಅತ್ತಳು. ಹನ್ನೆರಡು ದಿನ ಅವಳ ಮನೆಯಿಂದ ಅಳು ಕೇಳಿರಲಿಲ್ಲ. ಅಳಲು ಅವಳಿಗೊಂದು ದಿನ, ಒಂದು ಹೊತ್ತು ಬೇಕಾಗಿತ್ತು. ಅದು ಇಷ್ಟು ಕಾಲ ನನ್ನ ಒಬ್ಬನ ತಲೆಯಲ್ಲಿತ್ತು. ನಾನು ಸಮಾಧಾನ ಹೇಳಲಿಲ್ಲ. ಆ ಹಕ್ಕು ನನಗಿರಲಿಲ್ಲ. ಅಳು ನಿಂತ ಮೇಲೆ ಮುಖ ಒರೆಸಿಕೊಂಡು, "ಎಳ್ಳಾದ್ರೂ ಇತ್ತಲ್ಲ ಅವತ್ತು" ಎಂದಳು. ಇಕ್ಕಳ ನನ್ನ ಕೈಗೆ ಕೊಟ್ಟಳು. "ಗಾಣಿಗರ ಬೀದೀಲಿ ಕೂಸು ಕಾಯ್ತಿದೆಯಂತೆ. ಇದನ್ನ ಮುಗಿಸಿ ಹೋಗಿ."

ಅವಳು ಕೆಳಗೆ ನಿಂತು ನೋಡುತ್ತಿದ್ದಂತೆ ಹತ್ತಿದೆ. ಮೊದಲು ನನ್ನ ಗಂಟು ಬಿಚ್ಚಿದೆ. ನನ್ನ ತಂತಿಯನ್ನು ಹೊಲದ ಮೇಲೆ ಹಾಯಿಸಿ ನನ್ನ ಮನೆಗೇ ಕಟ್ಟಿ ಬಂದೆ. ಆಮೇಲೆ ವರದನದನ್ನು ಕತ್ತರಿಸಿ ಇಳಿಸಿದೆ. ಸುರುಳಿ ಸುತ್ತುವುದು ನನ್ನ ಕೆಲಸ. ಪಂಕಜಾಕ್ಷಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಸುತ್ತಿದಳು, ಮೊಣಕೈಗೂ ಹೆಬ್ಬೆರಳಿಗೂ ನೂಲು ಸುತ್ತುವ ಹಾಗೆ. ಅಚ್ಚಮ್ಮ ಬಾಗಿಲಲ್ಲಿ ನಿಂತಿದ್ದಳು. ಸುರುಳಿಯನ್ನು ಅವಳ ಕೈಗೆ ಕೊಟ್ಟಾಗ, ಬಿಸಿ ಇದೆಯೇ ಎಂದು ಒಮ್ಮೆ ಕೆನ್ನೆಗೆ ಒತ್ತಿ ನೋಡಿ, ಒಳಗೆ ಹೋದಳು.

ಗಾಣಿಗರ ಬೀದಿಯ ಕೂಸಿಗೆ ತಂತಿ ಎಳೆದು ಮನೆಗೆ ಬರುವಾಗ ಮಟಮಟ ಮಧ್ಯಾಹ್ನ. ಬಾಗಿಲು ತೆಗೆದರೆ ಒಳಗೆ ಬಲ್ಬು ಉರಿಯುತ್ತಿತ್ತು. ಪಂಕಜಾಕ್ಷಿ ಅಂದು ಹಾಕಿದ ಸ್ವಿಚ್ಚು ಹಾಗೇ ಇತ್ತು. ಹನ್ನೊಂದು ತಿಂಗಳಾದ ಮೇಲೆ ಬಂದ ಆ ಬೆಳಕಿನಲ್ಲಿ ಸರ್ವಮಂಗಳೆಯ ಸುರುಳಿ, ಕಂಬಳಿ, ಪಂಕಜಾಕ್ಷಿ ಇಟ್ಟುಹೋದ ಹಾಲಿನ ತಂಬಿಗೆ ಎಲ್ಲ ಚೆನ್ನಾಗಿ ಕಂಡವು. ಹಾಲು ಒಣಗಿ ತಳ ಹಿಡಿದಿತ್ತು. ತಂಬಿಗೆಯನ್ನು ತೊಳೆದು ಬೋರಲು ಹಾಕಿ, ದೀಪ ಆರಿಸಿ ಕೂತೆ.

ಹದಿನೈದು ದಿನದ ಮೇಲೆ ಆ ಮನೆಯ ಹೊಗೆಗಿಂಡಿಯಲ್ಲಿ ಮತ್ತೆ ಬ್ರೆಡ್ಡಿನ ವಾಸನೆ ಬಂತು. ಎರಡು ತಂತಿಗೆ ಆ ಓವನ್ ನಿಧಾನ. ತಳದ ಕಾಯಿಲು ಸತ್ತಿದ್ದರಿಂದ ಮೇಲೆ ಕೆಂಪಗಾದರೂ ಕೆಳಗೆ ಹಸಿಯಿರುತ್ತದೆ. ಪಂಕಜಾಕ್ಷಿ ಅರ್ಧ ಬೆಂದ ಬ್ರೆಡ್ಡುಗಳನ್ನು ಹೊರಗೆ ತೆಗೆದು, ಒಂದೊಂದನ್ನೂ ಮಗುಚಿ, ತಳ ಮೇಲೆ ಮಾಡಿ ಮತ್ತೆ ಒಳಗೆ ಇಡುತ್ತಾಳೆ. ಹಾಗಾಗಿ ಅವಕ್ಕೆ ಎರಡು ಬೆನ್ನು. ಊರಿನವರು ಮಗುಚಿದ ಬ್ರೆಡ್ಡು ಎನ್ನುತ್ತಾರೆ. ಅದು ಬೆಳಿಗ್ಗೆಗೆ ಸಿಗುವುದಿಲ್ಲ, ಹನ್ನೊಂದು ಗಂಟೆಯ ಮೇಲೆಯೇ. ಜನ ಬೆಳಗಿನ ಕಾಫಿಯನ್ನು ಹಾಗೇ ಕುಡಿದು, ಹನ್ನೊಂದಕ್ಕೆ ಇನ್ನೊಂದು ಕಾಫಿ ಮಾಡಿಕೊಳ್ಳುವುದನ್ನು ಕಲಿತರು. ಊರಿನ ಮಟ್ಟಿಗೆ ಆದ ಬದಲಾವಣೆ ಅಷ್ಟೇ.

ನಾನು ಆ ಸಾಲಿಗೆ ಹೋಗಿ ನಿಲ್ಲಲು ಎರಡು ತಿಂಗಳು ಬೇಕಾಯಿತು. ಅಂದು ನನ್ನ ಸರದಿ ಬಂದಾಗ ಪಂಕಜಾಕ್ಷಿ ಎಲ್ಲರಿಗೂ ಕೊಡುವ ಹಾಗೆ ಒಂದು ಬ್ರೆಡ್ಡು ಕಾಗದದಲ್ಲಿ ಸುತ್ತಿಕೊಟ್ಟಳು. ಅವಳ ಬೆನ್ನ ಹಿಂದೆ ಅಚ್ಚಮ್ಮ ಅದೇ ಸ್ಟೂಲಿನ ಮೇಲೆ ಕೂತಿದ್ದಳು. ತಣ್ಣಗಿರುವ ಕೆಳಮೈಯನ್ನು ಬಿಟ್ಟು, ಪಕ್ಕದ ಮೈಗೆ ಅಂಗೈ ಇಟ್ಟಿದ್ದಳು.

"ಬೆಚ್ಚಗಾಯ್ತಲ್ಲೇ ಇದು" ಎಂದಳು ಮುದುಕಿ. "ಯಾರೇ ಇದು?"

ಪಂಕಜಾಕ್ಷಿ ಚಿಲ್ಲರೆ ಎಣಿಸುತ್ತಿದ್ದ ಕೈ ನಿಲ್ಲಿಸಿ ಹಿಂದಕ್ಕೆ ತಿರುಗಿದಳು.

"ನಾವೇ ಅತ್ತೆ" ಎಂದಳು. "ನೀವು, ನಾನು."